ಕಾಲಿಗೆ ಅಂಟುವ ನೆಲ, ಅಂಟದ ನೆಲ

ಮಳೆ ಬಂದ ಮರುದಿನ ಎರೆ ಹೊಲದಲ್ಲಿ ನಡೆದವರಿಗೆ ಗೊತ್ತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿ ಕಿಲೋ ತೂಗುತ್ತದೆ. ಐದನೆಯದಕ್ಕೆ ಕಾಲು ಮೇಲೆ ಬರುತ್ತದೆ, ಚಪ್ಪಲಿ ಅಲ್ಲೇ ಉಳಿಯುತ್ತದೆ. ಒಂದು ಆಷಾಢದಲ್ಲಿ ಮಕ್ಕಳಿಗೆ ಹೊಲ ತೋರಿಸುತ್ತೇನೆಂದು ಬಸವಕಲ್ಯಾಣದ ಕಡೆ ಹೋಗಿದ್ದ ನಾನು ಮೂರು ಜೊತೆ ಚಪ್ಪಲಿ ಕೈಯಲ್ಲಿ ಹಿಡಿದು ವಾಪಸಾದೆ. ಹೊಲದ ಮನೆಯ ಆಯಿ ನೀರಿನ ಕೊಡ ಮುಂದಿಟ್ಟು, "ತಮ್ಮಾ, ಮಳಿಗಾಲದಾಗ ಎರಿ ಹೊಲಕ್ಕ ಸುಮ್ನೆ ಯಾರರ ಬರ್ತಾರೇನು? ಚಳಿಗಾಲದಾಗ ಬಾ, ಸೀತನಿ ತಿನ್ನಸ್ತೀನಿ" ಅಂದಳು.

ಈ ಸೀಮೆಯಲ್ಲಿ ಮನೆಮಂದಿಯೆಲ್ಲ ಯಾವಾಗ ಎಲ್ಲಿಗೆ ಹೋಗಬೇಕು ಎನ್ನುವುದಕ್ಕೆ ಆ ಒಂದು ಮಾತು ಸಾಕು. ಬೀದರ್ ಜಿಲ್ಲೆಯಲ್ಲಿ ಮುಖ್ಯವಾಗಿ ಎರಡು ನೆಲ. ಔರಾದ್, ಭಾಲ್ಕಿ ಹೆಚ್ಚಾಗಿ ಕಪ್ಪು ಎರೆ. ಬೀದರ್, ಹುಮನಾಬಾದ್ ಹೆಚ್ಚಾಗಿ ಕೆಂಪು. ಬಸವಕಲ್ಯಾಣಕ್ಕೆ ಎರಡೂ ಸೇರಿವೆ. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಕೆಂಪು ನೆಲದ ಕಲ್ಲು ಕಬ್ಬಿಣದ ಅಂಶದ್ದು, ಮೈತುಂಬ ತೂತು. ಮೇಲೆ ಬಿದ್ದ ನೀರು ಕೆಳಗಿಳಿದು ಹೋಗುತ್ತದೆ, ಮುರುಮಿನ ಮೇಲೆ ಬೇಗ ನಡೆಯಬಹುದು. ಹಾಗಾಗಿ ಮಳೆಗಾಲಕ್ಕೆ ಕೆಂಪು ನೆಲ, ಚಳಿಗಾಲಕ್ಕೆ ಎರೆ ಹೊಲ. ಬೇಸಿಗೆಯ ಲೆಕ್ಕ ಬೇರೆ.

ವರ್ಷ ಶುರುವಾಗುವುದು ಮಿರಗದಿಂದ. ಜೂನ್ 7-8ರ ಸುಮಾರಿಗೆ ಮೃಗಶಿರಾ ಮಳೆ ಕೂಡುತ್ತದೆ. ಮೊದಲ ಹದ ಮಳೆ ಬಿದ್ದ ಮರುದಿನ ಬೆಳಿಗ್ಗೆ ಮಕ್ಕಳನ್ನು ಊರಾಚೆಯ ಬಯಲಿಗೆ ಕರೆದೊಯ್ದು ಬಗ್ಗಿ ನೋಡಲು ಹೇಳಿ. ಮಖಮಲ್ಲಿನ ಚೂರು ಉದುರಿದಂತೆ ಕೆಂಪಗೆ ತೆವಳುತ್ತಿರುವುದೇ ಮಿರಗದ ಹುಳ. ಕಾಲು ಎಣಿಸಿದರೆ ಎಂಟು ಸಿಗುತ್ತವೆ. ಅಂದರೆ ಅದು ಇರುವೆ, ಮಿಡತೆಗಳ ಕಡೆಯದಲ್ಲ, ಜೇಡ ಮತ್ತು ಉಣ್ಣೆಯ ಬಳಗ. ಕಚ್ಚುವುದಿಲ್ಲ. ವರ್ಷದ ಹೆಚ್ಚು ಕಾಲ ಮಣ್ಣೊಳಗಿದ್ದು, ಮಳೆ ಬಿದ್ದಾಗ ಜೋಡಿ ಹುಡುಕಲು ಮೇಲೆ ಬರುತ್ತದೆ. ನಾವು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟು ಸಾಯಿಸುತ್ತಿದ್ದೆವು. ಈಗಿನ ಮಕ್ಕಳು ಅಂಗೈ ಮೇಲೆ ಹರಿದಾಡಿಸಿ ಕೆಳಗೆ ಬಿಟ್ಟರಾಯಿತು. ಖರ್ಚಿಲ್ಲದ ಈ ವಿಹಾರಕ್ಕೆ ಮುಕ್ಕಾಲು ಗಂಟೆ ಬೇಕು, ಅಷ್ಟೆ.

ಶ್ರಾವಣದ ಜಿನುಗು ಮಳೆಗೆ ನನ್ನ ಆಯ್ಕೆ ಬಸವಕಲ್ಯಾಣದ ಓಣಿಗಳ ನಡಿಗೆ. 11ನೇ ಶತಮಾನದಲ್ಲಿ ಚಾಲುಕ್ಯರ ಒಂದನೇ ಸೋಮೇಶ್ವರ ಮಾನ್ಯಖೇಟ ಬಿಟ್ಟು ರಾಜಧಾನಿ ಮಾಡಿಕೊಂಡ ಊರು ಇದು. ಮುಂದಿನ ಶತಮಾನದಲ್ಲಿ ಶರಣರದು. ಬಸವೇಶ್ವರ ಗುಡಿ, ಪರುಷ ಕಟ್ಟೆ, ಬಂದವರ ಓಣಿ, ಅಕ್ಕನಾಗಮ್ಮನ ಗವಿ, ಕೊನೆಗೆ ತ್ರಿಪುರಾಂತ ಕೆರೆಯ ದಂಡೆ. ನಿಂತು ನಿಂತು ನಡೆದರೆ ಅರ್ಧ ದಿನ. ಮಳೆ ಜೋರಾದರೆ ನಡುವೆ ಎಲ್ಲಾದರೂ ಒಂದು ಜಗುಲಿ ಸಿಕ್ಕೇ ಸಿಗುತ್ತದೆ. ಕೆರೆಯನ್ನು ದಂಡೆಯಿಂದಲೇ ನೋಡಬೇಕು. ಹೊಸ ನೀರು ಕೆಂಪಗೆ ಕದಡಿರುತ್ತದೆ, ಆಳ ಕಾಣುವುದಿಲ್ಲ.

ನಾಗರ ಪಂಚಮಿಯ ಜೋಕಾಲಿಗೆ ಹುಣಸೆ ಅಥವಾ ಬೇವಿನ ಹಸಿ ಕೊಂಬೆ, ತೊಡೆಯಷ್ಟು ದಪ್ಪದ್ದು. ನುಗ್ಗೆ ಬೇಡವೇ ಬೇಡ. ಅದು ನೋಡಲು ಗಟ್ಟಿ, ಮುರಿಯುವುದು ಹೇಳದೆ ಕೇಳದೆ. ಕಟ್ಟಿದ ಮೇಲೆ ಮನೆಯ ದಪ್ಪನೆಯ ಗಂಡಸು ಮೊದಲು ಕೂರಲಿ.

ಸಿಡಿಲಿನ ವಿಷಯವನ್ನು ಮಾತ್ರ ಹಗುರವಾಗಿ ಬಿಡಲಾರೆ. ಮುಂಗಾರಿಗೆ ಮುಂಚಿನ ಮಳೆಗಳಲ್ಲಿ, ಮತ್ತೆ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬಯಲಿಗೆ ಅದರ ಕಾಟ ಹೆಚ್ಚು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಅದು ಎಷ್ಟು ಕಿಲೋಮೀಟರ್ ದೂರ ಎಂಬುದು ಸಿಗುತ್ತದೆ. 30ರೊಳಗೆ ಗುಡುಗು ಕೇಳಿದರೆ ಪಕ್ಕಾ ಮನೆ ಅಥವಾ ಕಾರಿನೊಳಗೆ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಬೇಕು. ಹೊಲದ ನಡುವಿನ ಒಂಟಿ ಬೇವಿನ ಮರವೇ ಎಲ್ಲಕ್ಕಿಂತ ಅಪಾಯದ ಜಾಗ, ಎಲ್ಲರೂ ಓಡುವುದೂ ಅಲ್ಲಿಗೇ. ಪುಣೆಯ ಹವಾಮಾನ ಸಂಸ್ಥೆ ಐಐಟಿಎಂ ರೂಪಿಸಿದ ದಾಮಿನಿ ಆ್ಯಪ್ ಫೋನಿನಲ್ಲಿದ್ದರೆ ಒಳ್ಳೆಯದು.

ದಸರೆಯ ಆಚೀಚೆ ಸೀತಾಫಲದ ಕಾಲ. ಹಣ್ಣಿನ ಮೈಮೇಲಿನ ಗಂಟುಗಳ ಸಂದು ಅಗಲವಾಗಿ ಬಿಳುಪಾದರೆ ಕಣ್ಣು ಬಿಟ್ಟಿತು ಎಂದು ಅರ್ಥ. ಅದನ್ನು ಗುರುತಿಸಲು ಕಲಿಯುವುದೇ ಮಕ್ಕಳಿಗೆ ಒಂದು ಸಂಜೆಯ ಆಟ.

ಇನ್ನು ಚಳಿಗಾಲ. ಈ ಸೀಮೆಯ ನಿಜವಾದ ಸುಖ ಇರುವುದೇ ಇಲ್ಲಿ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ವರ್ಷಕ್ಕೆ ಒಂದೇ ಸಲ ಹೊರಗೆ ಹೋಗುವವರಾದರೆ ಎಳ್ಳ ಅಮಾವಾಸ್ಯೆಗೆ ಹೋಗಿ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುವ ಆ ದಿನ ಅಂಗಡಿ ಬೀದಿಗಳು ಖಾಲಿ ಹೊಡೆಯುತ್ತವೆ, ಜನವೆಲ್ಲ ಹೊಲದಲ್ಲಿ. ಮಳೆ ನಿಲ್ಲುವ ಹೊತ್ತಿಗೆ ಬಿತ್ತಿದ ಹಿಂಗಾರಿ ಜೋಳ ಆಗ ಆಳೆತ್ತರ ನಿಂತಿರುತ್ತದೆ. ಚಪ್ಪಲಿ ಕಿತ್ತುಕೊಂಡ ಅದೇ ಎರೆ, ಹಿಡಿದಿಟ್ಟ ನೀರನ್ನು ಈಗ ಬೇರಿಗೆ ಕೊಡುತ್ತಿರುತ್ತದೆ. ಬೆಳೆಯ ನಡುವೆ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ನೈವೇದ್ಯದ ಚರಗ ಚೆಲ್ಲಿ, ಆಮೇಲೆ ಊಟ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ, ಎಲ್ಲಕ್ಕಿಂತ ಮುಖ್ಯವಾಗಿ ಭಜ್ಜಿ. ಇಲ್ಲಿ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಆ ಹೊತ್ತಿಗೆ ಸಿಗುವ ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲವನ್ನೂ ಒಟ್ಟಿಗೆ ಕುದಿಸಿದ ಪಲ್ಯ. ಬೆಂಗಳೂರಿನಿಂದ ಬಂದವರು ಹೆಸರು ಕೇಳಿ ಮೋಸ ಹೋಗಿ, ರುಚಿ ನೋಡಿ ಇನ್ನೊಂದು ಸೌಟು ಕೇಳುತ್ತಾರೆ.

ಹೊಲ ಇಲ್ಲದವರು? ನೆಂಟರಿಗೋ ಪರಿಚಯದವರಿಗೋ ಹಿಂದಿನ ದಿನ ಒಂದು ಫೋನು ಮಾಡಿದರೆ ಆಯಿತು. ಅಂದು ಊಟಕ್ಕೆ ಬಂದವರು ಹೆಚ್ಚಾದಷ್ಟೂ ಹೊಲದವರಿಗೆ ಹಿಗ್ಗು. ನಿಮ್ಮ ಕಡೆಯಿಂದ ಒಂದು ಡಬ್ಬಿ ಹೋಳಿಗೆ ಇರಲಿ, ಪ್ಲಾಸ್ಟಿಕ್ ತಟ್ಟೆ ಬೇಡ. ಗಾಳಿಗೆ ಹಾರಿ ಬೆಳೆಯೊಳಗೆ ಹೊಕ್ಕಿದ್ದನ್ನು ಆರಿಸಲು ಆಮೇಲೆ ಯಾರೂ ಬರುವುದಿಲ್ಲ. ಮಕ್ಕಳಿಗೆ ಬೂಟು ಹಾಕಿಸಿ. ಒಣಗಿದ ಎರೆಯ ಬಿರುಕಿನಲ್ಲಿ ಪುಟ್ಟ ಪಾದ ಸಲೀಸಾಗಿ ಇಳಿದು ಹೊರಳುತ್ತದೆ.

ಆಯಿ ಹೇಳಿದ ಸೀತನಿಯ, ಅಂದರೆ ಸುಟ್ಟ ಎಳೆ ಜೋಳದ ತೆನೆಯ, ಸರದಿ ಇದರ ಹಿಂದೆಯೇ. ತೆನೆ ಹದಕ್ಕೆ ಬಂದಿದೆಯೇ ಎಂದು ಉಗುರಿನಿಂದ ತಿಳಿಯಬೇಕು. ಕಾಳು ಒತ್ತಿದಾಗ ಹಾಲು ಚಿಮ್ಮಿದರೆ ಇನ್ನೂ ಎಳೆಯದು. ಮೆತ್ತಗೆ ಒತ್ತಿಕೊಂಡು ಹಾಲು ಬಾರದಿದ್ದರೆ ಸರಿಯಾದ ಹದ. ಉಗುರು ಇಳಿಯದಿದ್ದರೆ ತಡವಾಯಿತು, ಸಿಹಿಯೆಲ್ಲ ಹಿಟ್ಟಾಗಿ ತಿರುಗಿದೆ. ಒಂದು ಹೊಲದಲ್ಲಿ ಈ ಹದ ವಾರ-ಹತ್ತು ದಿನ ಇದ್ದರೆ ಹೆಚ್ಚು, ಆದ್ದರಿಂದ ಮುಂದಿನ ಭಾನುವಾರ ನೋಡೋಣ ಎನ್ನುವಂತಿಲ್ಲ. ಸಣ್ಣ ಕುಣಿ ತೋಡಿ ಕುಳ್ಳು ಹೊತ್ತಿಸಿ, ಉರಿ ಆರಿ ಕೆಂಡವಾದ ಮೇಲೆ ತೆನೆಗಳನ್ನು ದಂಟು ಹೊರಗಿರುವಂತೆ ಬೂದಿಯಲ್ಲಿ ಹುದುಗಿಸಬೇಕು. ಘಮ ಬಂದ ಕೂಡಲೇ ತೆಗೆದು ಗೋಣಿಚೀಲದ ಮೇಲೆ ಉಜ್ಜಿ, ಹೊಟ್ಟು ಊದಿ, ಬಿಸಿಯಿರುವಾಗಲೇ ಶೇಂಗಾ ಹಿಂಡಿಯ ಜೊತೆ ತಿನ್ನಬೇಕು. ಆರಿದರೆ ರಬ್ಬರು. ಪಕ್ಕದಲ್ಲೇ ಎರಡು ಕೊಡ ನೀರು ಇಟ್ಟುಕೊಂಡು ಕೂರಿ, ಒಣ ದಂಟು ಹತ್ತಿಕೊಳ್ಳಲು ಒಂದು ಕಿಡಿ ಸಾಕು.

ಅದೇ ತಿಂಗಳುಗಳಲ್ಲಿ ಒಂದು ಬೆಳಿಗ್ಗೆಯನ್ನು ಹುಮನಾಬಾದ್ ತಾಲೂಕಿನ ಜಲಸಂಗ್ವಿಗೆ ಇಡಿ. ಆರನೇ ವಿಕ್ರಮಾದಿತ್ಯನ ಕಾಲದ ಗುಡಿಯ ಹೊರಗೋಡೆಯಲ್ಲಿ ಮದನಿಕೆಯರ ಸಾಲು ಇದೆ. ಒಬ್ಬಳು ಆ ದೊರೆಯ ಹೊಗಳಿಕೆಯನ್ನು ತಾನೇ ನಿಂತು ಬರೆಯುತ್ತಿದ್ದಾಳೆ. ಅವಳನ್ನು ಹುಡುಕುವ ಕೆಲಸ ಮಕ್ಕಳಿಗೆ ಬಿಡಿ. ಚಳಿಗಾಲದ ಎಳೆ ಬಿಸಿಲು ಓರೆಯಾಗಿ ಬೀಳುವುದರಿಂದ ಕೆತ್ತನೆಯ ಪ್ರತಿ ಗೆರೆಗೂ ನೆರಳು ಮೂಡಿ ಉಬ್ಬು ಎದ್ದು ಕಾಣುತ್ತದೆ. ನಡು ಮಧ್ಯಾಹ್ನ ಹೋದವರಿಗೆ ಕಾಣುವುದು ಬರೀ ಕಲ್ಲು.

ಬೇಸಿಗೆಗೆ ಕಲ್ಲು ಮತ್ತು ಮಾಳಿಗೆ. ದಪ್ಪ ಗೋಡೆ ತಡವಾಗಿ ಕಾಯುತ್ತದೆ, ತಡವಾಗಿ ತಣ್ಣಗಾಗುತ್ತದೆ. ಆದ್ದರಿಂದ ಬಸವಕಲ್ಯಾಣದ ಕೋಟೆಗೆ ಬಾಗಿಲು ತೆರೆದ ಕೂಡಲೇ ಹೋದರೆ ರಾತ್ರಿಯ ತಂಪು ಇನ್ನೂ ಗೋಡೆಯಲ್ಲಿರುತ್ತದೆ. ಒಳಗಿನ ವಸ್ತುಸಂಗ್ರಹಾಲಯದ ಹಳೆಯ ಮೂರ್ತಿಗಳನ್ನು ನೋಡಿ, ಬಿಸಿಲೇರುವ ಮುಂಚೆ ಮನೆ ಸೇರಬಹುದು. ಸಂಜೆ ಹೋದರೆ ಹಗಲಿಡೀ ಕುಡಿದ ಬಿಸಿಯನ್ನು ಅದೇ ಗೋಡೆ ಮುಖಕ್ಕೆ ಊದುತ್ತದೆ. ಸಂಜೆಯ ಜಾಗ ಮಾಳಿಗೆ. ಸಮುದ್ರದಿಂದ ದೂರ, ಒಣ ಗಾಳಿ, ಹಾಗಾಗಿ ಕತ್ತಲಾದ ಮೇಲೆ ಬೇಗ ತಂಪಾಗುತ್ತದೆ. ನೀರು ಚಿಮುಕಿಸಿ ಚಾಪೆ ಹಾಸಿದರೆ ಮೇ ತಿಂಗಳ ಆಕಾಶದಲ್ಲಿ ಉತ್ತರಕ್ಕೆ ಸಪ್ತರ್ಷಿ ಮಂಡಲ. ಅದರ ಬಾಲದ ಬಾಗನ್ನು ಹಾಗೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಬೆಳ್ಳನೆಯ ಚಿತ್ತಾ.

ಬೇಸಿಗೆಯ ನಡು ಮಧ್ಯಾಹ್ನ ಹೊರಗೆ ಬರಬಾರದೆಂಬ ನಿಯಮಕ್ಕೆ ಒಂದೇ ವಿನಾಯಿತಿ ಉಂಟು. ಬಸವಕಲ್ಯಾಣ, ಹುಮನಾಬಾದ್ ಎರಡೂ ಊರುಗಳು ಸುಮಾರು 17.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ 11-12ರ ಸುಮಾರಿಗೆ, ಮಧ್ಯಾಹ್ನ 12.20ರ ಆಸುಪಾಸಿನಲ್ಲಿ, ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಇರುತ್ತಾನೆ. ಅಂಗಳದ ಸಮತಟ್ಟಾದ ಜಾಗದಲ್ಲಿ ನೇರ ಗೋಡೆಯ ಸ್ಟೀಲ್ ಡಬ್ಬಿ ನಿಲ್ಲಿಸಿ ಹತ್ತು ನಿಮಿಷ ಮುಂಚಿನಿಂದ ನೋಡುತ್ತಿದ್ದರೆ ಅದರ ನೆರಳು ಸರಿಯುತ್ತ ಸರಿಯುತ್ತ ಡಬ್ಬಿಯ ಅಡಿಗೆ ಸೇರಿಬಿಡುತ್ತದೆ. ಟೊಪ್ಪಿಗೆ ಹಾಕಿಕೊಂಡು ನೋಡಿ, ಒಂದು ಲೋಟ ಮಜ್ಜಿಗೆ ಕುಡಿದು ಒಳಗೆ ಹೋಗಿ. ಸೂರ್ಯ ವಾಪಸ್ ಬರುವಾಗ, ಆಗಸ್ಟ್ ಮೊದಲ ಎರಡು ದಿನಗಳಲ್ಲಿ, ಇನ್ನೊಂದು ಅವಕಾಶ ಇದೆ. ಆದರೆ ಆಗ ಮೋಡ ಕವಿದಿರುತ್ತದೆ, ಡಬ್ಬಿಯ ಮೇಲೆ ಮಳೆ ಟಪಟಪ ಬೀಳುತ್ತಿರುತ್ತದೆ.