ಇಳಿಪಟ್ಟಿಯೂ ಹಳೆಯ ಬ್ರೌಸರೂ

ಜಾಲಪುಟದ ನೆತ್ತಿಯಲ್ಲಿ ಸಾಲಾಗಿ ನಿಂತ ಶೀರ್ಷಿಕೆಯೊಂದರ ಮೇಲೆ ಮೌಸಿನ ಬಾಣವನ್ನು ತಂದೊಡನೆ ಅದರ ಕೆಳಗೆ ಉಪಶೀರ್ಷಿಕೆಗಳ ಪಟ್ಟಿಯು ಪರದೆ ಸರಿದಂತೆ ತೆರೆದುಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ; ಆದರೆ ಇಷ್ಟು ಸಹಜವಾಗಿ ತೋರುವ ಈ ವ್ಯಾಪಾರವು ಒಂದು ಕಾಲದಲ್ಲಿ ವಿನ್ಯಾಸಕಾರರ ತಾಳ್ಮೆಯನ್ನೇ ಪರೀಕ್ಷಿಸಿತೆಂಬುದು ಅನೇಕರಿಗೆ ತಿಳಿದಿರಲಾರದು.

ಪುಟದ ರೂಪವನ್ನು ನಿರ್ದೇಶಿಸುವ ಸಿಎಸ್‌ಎಸ್ ಭಾಷೆಯ 1998ರ ಎರಡನೆಯ ಆವೃತ್ತಿಯಲ್ಲಿ, ಬಾಣ ಸೋಕಿದ ಭಾಗದ ರೂಪವನ್ನು ಬದಲಿಸುವ ‘ಹೋವರ್’ ಎಂಬ ಸೂತ್ರವಿತ್ತಾದರೂ, 2001ರಲ್ಲಿ ಹೊರಬಂದು ಬಹುಕಾಲ ಮೆರೆದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಅದನ್ನು ಕೊಂಡಿಗಳಿಗೆ ಮಾತ್ರ ಅನ್ವಯಿಸುತ್ತಿತ್ತೇ ಹೊರತು, ಉಪಪಟ್ಟಿಯನ್ನು ಒಡಲಲ್ಲಿರಿಸಿಕೊಂಡ ಪಟ್ಟಿಯ ಅಂಶಗಳಿಗೆ ಅನ್ವಯಿಸುತ್ತಿರಲಿಲ್ಲ. 2003ರಲ್ಲಿ ಪ್ಯಾಟ್ರಿಕ್ ಗ್ರಿಫಿತ್ಸ್ ಮತ್ತು ಡ್ಯಾನ್ ವೆಬ್ ಎಂಬವರು ಪ್ರಕಟಿಸಿದ ‘ಸಕರ್‌ಫಿಶ್’ ವಿಧಾನವು ಈ ಕೊರತೆಗೆ ಮದ್ದಾಯಿತು: ಬಾಣವು ಬಂದಾಗ ಆ ಅಂಶಕ್ಕೊಂದು ವರ್ಗನಾಮವನ್ನು ತೊಡಿಸಿ, ಅದು ಸರಿದಾಗ ಕಳಚುವ ಕೆಲವೇ ಸಾಲುಗಳ ಜಾವಾಸ್ಕ್ರಿಪ್ಟನ್ನು ಆ ಬ್ರೌಸರಿಗೋಸ್ಕರ ಸೇರಿಸಿದರೆ ಸಾಕು, ಉಳಿದ ಕಾರ್ಯವೆಲ್ಲ ಸಿಎಸ್‌ಎಸ್‌ನದೇ.

ಎಕ್ಸ್‌ಪ್ಲೋರರ್‌ನ 2006ರ ಏಳನೆಯ ಆವೃತ್ತಿಯು ಈ ದೋಷವನ್ನು ನೀಗಿತು. ಆದರೂ ಅಂದಿನ ವಿವೇಕವೊಂದು ಇಂದಿಗೂ ಗ್ರಾಹ್ಯವಾಗಿದೆ: ಪಟ್ಟಿಯು ತೆರೆಯದಿದ್ದರೂ ಮೇಲಿನ ಶೀರ್ಷಿಕೆಯೇ ನಿಜವಾದ ಕೊಂಡಿಯಾಗಿದ್ದು, ಅದನ್ನು ಒತ್ತಿದವನನ್ನು ಆ ವಿಭಾಗದ ಪುಟಕ್ಕೆ ಮುಟ್ಟಿಸುವುದಾದರೆ, ಹಳೆಯ ಯಂತ್ರದ ಮುಂದೆ ಕುಳಿತ ಓದುಗನು ಸೊಬಗನ್ನು ಕಳೆದುಕೊಂಡಾನೇ ಹೊರತು ದಾರಿಯನ್ನಲ್ಲ.