ಕಾವ್ಯಲೋಕದ ನರಾಕೃತಿಗಳು

ನಮ್ಮ ಕಾವ್ಯಪುರಾಣಗಳ ಲೋಕದಲ್ಲಿ ನರರೊಡನೆ ನರರನ್ನು ಹೋಲುವ ಅನ್ಯ ಜೀವಿಗಳೂ ಸಂಚರಿಸುತ್ತವೆ. ಅವುಗಳನ್ನು ವಿಂಗಡಿಸಿ ಹೆಸರಿಸುವ ಕಾರ್ಯ ಬಹು ಪ್ರಾಚೀನವಾದುದು. ಅಮರಸಿಂಹನು ತನ್ನ ಕೋಶದಲ್ಲಿ ವಿದ್ಯಾಧರ, ಅಪ್ಸರಸ್, ಯಕ್ಷ, ರಾಕ್ಷಸ, ಗಂಧರ್ವ, ಕಿನ್ನರ, ಪಿಶಾಚ, ಗುಹ್ಯಕ, ಸಿದ್ಧ, ಭೂತ ಎಂದು ಹತ್ತು ದೇವಯೋನಿಗಳನ್ನು ಎಣಿಸಿದ್ದಾನೆ.

ದೇಹಾಕಾರವನ್ನೇ ಲಕ್ಷಣವಾಗಿ ಹಿಡಿದರೆ ಈ ಜೀವಿಗಳನ್ನು ನಾಲ್ಕು ಬಗೆಯಾಗಿ ವಿಭಾಗಿಸಬಹುದು. ಮೊದಲನೆಯದು ಮುಖಭೇದ. ಕಿನ್ನರನಿಗೆ ಅಮರನು ಕೊಡುವ ಪರ್ಯಾಯನಾಮವೇ ತುರಂಗವದನ, ಅಂದರೆ ಕುದುರೆಮೊಗದವನು. ‘ಕಿಂ ನರಃ’, ಇವನು ನರನೇ ಎಂಬ ಸಂದೇಹ ಅವನ ಹೆಸರಿನಲ್ಲಿಯೇ ಅಡಗಿದೆ. ಎರಡನೆಯದು ಅಧೋಭಾಗದ ಭೇದ. ನಾಗಶಿಲ್ಪಗಳಲ್ಲಿ ಸೊಂಟದ ಮೇಲೆ ನರದೇಹ, ಕೆಳಗೆ ಸರ್ಪದೇಹ ಇರುವುದುಂಟು. ಮೂರನೆಯದು ಅವಯವಗಳ ಆಧಿಕ್ಯ; ದಶಕಂಠ ರಾವಣನು ಇದಕ್ಕೆ ನಿದರ್ಶನ. ನಾಲ್ಕನೆಯದು ಅವಯವಗಳ ವಿಪರ್ಯಾಸ. ತಲೆಯಿಲ್ಲದೆ ಹೊಟ್ಟೆಯಲ್ಲಿ ಬಾಯಿಯುಳ್ಳ ಕಬಂಧನು ಈ ವರ್ಗದವನು.

ಬಳ್ಳಾರಿಯಿಂದ ಸುಮಾರು 60 ಕಿ.ಮೀ. ದೂರದ ಹಂಪೆಯಲ್ಲಿ, 15ನೆಯ ಶತಮಾನದ ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ವಾನರರನ್ನು ಕಾಣಬಹುದು. ಕಪಿಮುಖವುಂಟು, ಬಾಲವುಂಟು; ಆದರೆ ಅವರ ನಿಲುವೂ ಕೈಗಳ ಭಂಗಿಯೂ ಮನುಷ್ಯರವೇ. ಈ ಪರಿಸರವನ್ನೇ ಜನರು ಕಿಷ್ಕಿಂಧೆಯೆಂದು ನಂಬಿಕೊಂಡು ಬಂದಿದ್ದಾರೆ.

ಹೀಗೆ ವಿಭಾಗಿಸುವುದೇನೋ ಸುಲಭ. ಆದರೆ ಈ ಲಕ್ಷಣವು ಎಲ್ಲ ಕಡೆಯೂ ಸಲ್ಲುವುದಿಲ್ಲ. ರಾಕ್ಷಸರು ಕಾಮರೂಪಿಗಳು: ಮಾರೀಚನು ಹೊಂಜಿಂಕೆಯಾದನು, ರಾವಣನು ಸಂನ್ಯಾಸಿಯಾಗಿ ಬಂದನು. ಕಬಂಧನಾದರೋ ಚಿತೆಯಲ್ಲಿ ಬೆಂದು ದಿವ್ಯರೂಪವನ್ನು ಪಡೆದು, ರಾಮನಿಗೆ ಸುಗ್ರೀವನ ನೆಲೆಯನ್ನು ತಿಳಿಸಿದನು. ಜೈನಸಂಪ್ರದಾಯದ ಕವಿ ನಾಗಚಂದ್ರನು ತನ್ನ ‘ರಾಮಚಂದ್ರಚರಿತಪುರಾಣ’ದಲ್ಲಿ ವಾನರರನ್ನು ಕಪಿಗಳೆಂದೇ ಒಪ್ಪುವುದಿಲ್ಲ, ಅವರು ಕಪಿಧ್ವಜವನ್ನುಳ್ಳ ವಿದ್ಯಾಧರರು. ಒಬ್ಬ ಕವಿಗೆ ದೇಹವಾದದ್ದು ಇನ್ನೊಬ್ಬನಿಗೆ ಬಾವುಟದ ಚಿಹ್ನೆ ಮಾತ್ರ.

ವಾಲ್ಮೀಕಿಯೂ ರೂಪವನ್ನು ಪೂರ್ತಿಯಾಗಿ ನಂಬಿದವನಲ್ಲ. ಕಾದಾಡುತ್ತಿದ್ದ ವಾಲಿಸುಗ್ರೀವರಲ್ಲಿ ಯಾರು ಯಾರೆಂದು ತಿಳಿಯದೆ ರಾಮನು ಬಾಣವನ್ನು ಬಿಡಲಾರದೆ ಹೋದನು. ಮರುಬಾರಿ ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿಯನ್ನು ಹಾಕಿಸಿ ಗುರುತಿಸಬೇಕಾಯಿತು. ಅದಕ್ಕೂ ಮುನ್ನ ಭಿಕ್ಷುವೇಷದಲ್ಲಿ ಬಂದ ಹನುಮಂತನ ವಿಷಯದಲ್ಲಿ ಅಂತಹ ತೊಡಕು ಒದಗಲಿಲ್ಲ. ರಾಮನು ಅವನ ವೇಷವನ್ನು ಆಧಾರವಾಗಿ ಹಿಡಿಯದೆ, ಮಾತನ್ನು ಆಲಿಸಿದನು. ಬಹಳವಾಗಿ ಮಾತನಾಡಿಯೂ ಒಂದು ಅಪಶಬ್ದವನ್ನಾಡದ ಇವನು ವೇದಗಳನ್ನೂ ವ್ಯಾಕರಣವನ್ನೂ ಚೆನ್ನಾಗಿ ಕಲಿತವನೆಂದು ಲಕ್ಷ್ಮಣನಿಗೆ ಹೇಳಿದನು.

ಆಕಾರವು ವರ್ಗವನ್ನು ಸೂಚಿಸಬಲ್ಲದು. ವ್ಯಕ್ತಿಯ ಯೋಗ್ಯತೆಯನ್ನು ಅಳೆಯಲು ಮಾತ್ರ ರಾಮನಿಗೆ ಒದಗಿದ್ದು ಅವನ ವಿದ್ಯೆ.