ನೇಣಿನ ಹಗ್ಗಕ್ಕೆ ಎರಡು ತುದಿ

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆ ಇಳಿಯುವ ರಸ್ತೆಯಲ್ಲಿ ಪಾಲಾರ್ ಸಿಗುತ್ತದೆ. 1993ರ ಏಪ್ರಿಲ್ 9ರಂದು ಅಲ್ಲಿನ ಕಾಡುದಾರಿಯಲ್ಲಿ ಕಾಡುಗಳ್ಳ ವೀರಪ್ಪನ್ ಗುಂಪು ಹುಗಿದಿಟ್ಟಿದ್ದ ನೆಲಬಾಂಬು ಸಿಡಿದು 22 ಮಂದಿ ಸತ್ತರು. ವೀರಪ್ಪನ್‌ನನ್ನು ಹುಡುಕಿ ಹೊರಟಿದ್ದ ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿ ಕೊಡಲೆಂದು ಜೊತೆಗಿದ್ದವರು. ಬೆಳಿಗ್ಗೆ ಡ್ಯೂಟಿಗೆ ಹೋದವರು ಮನೆಗೆ ಬಂದದ್ದು ಹೆಣವಾಗಿ.

ಸ್ಫೋಟವಾಗಿ ಎಂಟು ವರ್ಷದ ಮೇಲೆ, 2001ರಲ್ಲಿ, ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆಯ) ನ್ಯಾಯಾಲಯ ವೀರಪ್ಪನ್‌ನ ನಾಲ್ವರು ಸಹಚರರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿಕೊಂಡರು. ಶಿಕ್ಷೆ ಕಡಿಮೆಯಾದೀತೆಂದು ಹೋದವರಿಗೆ 2004ರ ಜನವರಿಯಲ್ಲಿ ಸಿಕ್ಕಿದ್ದು ಗಲ್ಲು. ನ್ಯಾಯಾಲಯವೇ ಶಿಕ್ಷೆಯನ್ನು ಹೆಚ್ಚಿಸಿತು. ರಾಷ್ಟ್ರಪತಿಗೆ ಸಲ್ಲಿಸಿದ ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕಡತದಲ್ಲೇ ಉಳಿದು, 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. ಸಂಸತ್ತಿನ ಮೇಲಿನ ದಾಳಿ ಪ್ರಕರಣದಲ್ಲಿ ಅಫ್ಜಲ್ ಗುರುವನ್ನು ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಿದ್ದು ಅದೇ ತಿಂಗಳು. ಇನ್ನು ಈ ನಾಲ್ವರಿದ್ದ ಬೆಳಗಾವಿಯ ಹಿಂಡಲಗಾ ಜೈಲಿನ ಸರದಿ ಎಂದು ಎಲ್ಲರೂ ಅಂದುಕೊಂಡರು. 1983ರ ನಂತರ ಯಾರನ್ನೂ ಕಾಣದ ಹಿಂಡಲಗಾದ ಗಲ್ಲುಗಂಬ ಒಮ್ಮೆಲೇ ಸುದ್ದಿಯಾಯಿತು. ಸುಪ್ರೀಂ ಕೋರ್ಟ್ ತಡೆ ನೀಡಿತು. 2014ರ ಜನವರಿ 21ರಂದು, ಕ್ಷಮಾದಾನದ ಅರ್ಜಿಯನ್ನು ವಿನಾಕಾರಣ ವರ್ಷಗಟ್ಟಲೆ ಇಟ್ಟುಕೊಳ್ಳುವುದೇ ಒಂದು ಚಿತ್ರಹಿಂಸೆ ಎಂದು ಹೇಳಿ, ಈ ನಾಲ್ವರೂ ಸೇರಿದಂತೆ ಒಟ್ಟು 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು.

ಜೀವಾವಧಿ, ಗಲ್ಲು, ಮತ್ತೆ ಜೀವಾವಧಿ. ಅಪರಾಧ ಅದೇ, ಅಪರಾಧಿಗಳು ಅವರೇ, ಸಾಕ್ಷ್ಯವೂ ಅದೇ. ಮರಣದಂಡನೆ ಬೇಕೇ ಬೇಡವೇ ಎಂಬ ಚರ್ಚೆ ನಡೆದಾಗಲೆಲ್ಲ ನನಗೆ ಈ ಪ್ರಕರಣ ನೆನಪಾಗುತ್ತದೆ. ಎರಡೂ ಪಕ್ಷದ ವಾದ ಇದರೊಳಗೇ ಇದೆ.

ಬೇಕು ಎನ್ನುವವರ ಮಾತು

ಗಲ್ಲು ಬೇಕು ಎನ್ನುವವರನ್ನು ರಕ್ತಪಿಪಾಸುಗಳೆಂದು ತಳ್ಳಿಹಾಕುವುದು ಅನ್ಯಾಯ. ಅವರ ಮೊದಲ ಮಾತು ಸತ್ತವರ ಪರವಾದದ್ದು. ಕೊಂದವನಿಗೆ ಊಟ, ಔಷಧಿ, ವಕೀಲರು, ಮೇಲ್ಮನವಿ ಎಲ್ಲ ಸಿಗುತ್ತದೆ. ಸತ್ತವಳಿಗೆ ಏನು ಸಿಕ್ಕಿತು? ದೆಹಲಿಯಲ್ಲಿ 2012ರ ಡಿಸೆಂಬರ್ 16ರ ರಾತ್ರಿ ನಡೆದ ನಿರ್ಭಯಾ ಸಾಮೂಹಿಕ ಅತ್ಯಾಚಾರದ ಬಗ್ಗೆ ಓದಿದ ಯಾರಿಗಾದರೂ ಈ ಪ್ರಶ್ನೆ ಎದೆಗೆ ತಾಕುತ್ತದೆ. ಒಂದು ಜೀವಕ್ಕೆ ಸಮಾಜ ಎಷ್ಟು ಬೆಲೆ ಕೊಡುತ್ತದೆ ಎಂಬುದು ಅದನ್ನು ತೆಗೆದವನಿಗೆ ಕೊಡುವ ಶಿಕ್ಷೆಯಲ್ಲಿ ಕಾಣಬೇಕು ಎಂಬ ನಂಬಿಕೆ ನಮ್ಮ ಹಳ್ಳಿಯ ಕಟ್ಟೆಯಿಂದ ನಗರದ ಟೀವಿ ಚರ್ಚೆಯವರೆಗೆ ಬೇರುಬಿಟ್ಟಿದೆ.

ಎರಡನೆಯದು ಭಯ. ಗಲ್ಲು ಇದ್ದರೆ ನಾಲ್ಕು ಜನ ಹೆದರುತ್ತಾರೆ ಎಂಬ ಮಾತು. 1967ರಲ್ಲಿ ಕಾನೂನು ಆಯೋಗ ತನ್ನ 35ನೇ ವರದಿಯಲ್ಲಿ ಮರಣದಂಡನೆಯನ್ನು ಉಳಿಸಿಕೊಳ್ಳಬೇಕು ಎಂದದ್ದು ಬಹುಪಾಲು ಈ ದಾರಿಯಲ್ಲೇ ಯೋಚಿಸಿ. ಇಷ್ಟು ದೊಡ್ಡ, ಇಷ್ಟು ವೈವಿಧ್ಯದ ದೇಶದಲ್ಲಿ ಅದನ್ನು ತೆಗೆದುಹಾಕುವ ಪ್ರಯೋಗಕ್ಕೆ ಕೈಹಾಕಬಾರದು ಎಂಬುದು ಆಗಿನ ನಿಲುವು.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು, ಅಪನಂಬಿಕೆ. ಜೀವಾವಧಿ ಎಂದರೆ ಹದಿನಾಲ್ಕು ವರ್ಷ, ಆಮೇಲೆ ಸನ್ನಡತೆ ಎಂದು ಬಿಟ್ಟುಬಿಡುತ್ತಾರೆ ಎಂದು ಜನ ನಂಬಿದ್ದಾರೆ. ಈ ಅಪನಂಬಿಕೆಗೆ ಕಾರಣವೂ ಇದೆ. ಗುಜರಾತಿನ ಬಿಲ್ಕಿಸ್ ಬಾನು ಪ್ರಕರಣದಲ್ಲಿ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಗಳಿಗಾಗಿ ಜೀವಾವಧಿ ಅನುಭವಿಸುತ್ತಿದ್ದ 11 ಮಂದಿಯನ್ನು 2022ರ ಆಗಸ್ಟ್ 15ರಂದು ಅವಧಿಗೆ ಮುನ್ನವೇ ಬಿಡುಗಡೆ ಮಾಡಲಾಯಿತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಅವರನ್ನು ಮತ್ತೆ ಜೈಲಿಗೆ ಕಳಿಸಿದ್ದು 2024ರ ಜನವರಿಯಲ್ಲಿ. ಇಂಥದ್ದನ್ನು ಕಣ್ಣಾರೆ ಕಂಡವರು ‘ನೇಣು ಹಾಕಿಬಿಡಿ, ಆಗ ಯಾರೂ ಬಿಡಿಸಲಾರರು’ ಎಂದರೆ, ಆ ಕೋಪದ ಹಿಂದೆ ನೋವಷ್ಟೇ ಅಲ್ಲ, ಲೆಕ್ಕಾಚಾರವೂ ಇರುತ್ತದೆ. ಭಯೋತ್ಪಾದಕನನ್ನು ಜೈಲಿನಲ್ಲಿಟ್ಟರೆ ಅವನನ್ನು ಬಿಡಿಸಲು ಇನ್ನೊಂದು ವಿಮಾನ ಅಪಹರಣವಾಗುತ್ತದೆ ಎನ್ನುವವರೂ 1999ರ ಕಂದಹಾರ್ ವಿಮಾನ ಅಪಹರಣದ ಕಡೆ ಬೆರಳು ತೋರಿಸುತ್ತಾರೆ.

ಯಾವ ಪೀಠ, ಯಾವ ದಿನ

ಬೇಡ ಎನ್ನುವವರ ವಾದ ಶುರುವಾಗುವುದು ಶಿಕ್ಷೆ ಕೊಡುವ ಕೈಯಿಂದ. ಕೊಲೆಗೆ ಗಲ್ಲೇ ಸಾಮಾನ್ಯ, ಜೀವಾವಧಿ ಕೊಟ್ಟರೆ ನ್ಯಾಯಾಧೀಶರು ಕಾರಣ ಬರೆಯಬೇಕು ಎಂಬ ನಿಯಮ ನಮ್ಮಲ್ಲಿ 1955ರವರೆಗೂ ಇತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಇದನ್ನು ತಿರುಗಿಸಿತು: ಜೀವಾವಧಿ ಸಾಮಾನ್ಯ, ಗಲ್ಲಿಗೆ ವಿಶೇಷ ಕಾರಣ ಬೇಕು. 1980ರ ಬಚ್ಚನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆ ಸಂವಿಧಾನಬದ್ಧ ಎಂದಿತು, ಆದರೆ ಅದು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಎಂದು ಬೇಲಿ ಹಾಕಿತು. ಪೀಠದ ಐವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಪಿ.ಎನ್. ಭಗವತಿ ಒಪ್ಪಲಿಲ್ಲ. ಯಾರು ಬದುಕಬೇಕು, ಯಾರು ಸಾಯಬೇಕು ಎಂಬುದು ಪೀಠದಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ನಿಲ್ಲುತ್ತದೆ ಎಂಬುದು ಅವರ ಆತಂಕ.

ಆ ಆತಂಕ ಆಗಲೇ ನಿಜವಾಗತೊಡಗಿತ್ತು. ಉತ್ತರ ಪ್ರದೇಶದ ಒಂದೇ ಕೊಲೆ ಪ್ರಕರಣದಲ್ಲಿ ಜೀತಾ ಸಿಂಗ್, ಕಾಶ್ಮೀರಾ ಸಿಂಗ್, ಹರಬನ್ಸ್ ಸಿಂಗ್ ಮೂವರಿಗೂ ಗಲ್ಲು ಆಗಿತ್ತು. ಮೂವರೂ ಬೇರೆ ಬೇರೆಯಾಗಿ ಸುಪ್ರೀಂ ಕೋರ್ಟಿಗೆ ಹೋದರು. ಕಾಶ್ಮೀರಾ ಸಿಂಗ್‌ನ ಶಿಕ್ಷೆ 1977ರಲ್ಲಿ ಜೀವಾವಧಿಗೆ ಇಳಿಯಿತು. ಜೀತಾ ಸಿಂಗ್‌ನ ಅರ್ಜಿ ವಜಾ ಆಗಿತ್ತು. ಅವನನ್ನು 1981ರ ಅಕ್ಟೋಬರ್ 6ರಂದು ಗಲ್ಲಿಗೇರಿಸಿದರು. ಹರಬನ್ಸ್ ಸಿಂಗ್ ಕೊನೇ ಗಳಿಗೆಯಲ್ಲಿ ಮತ್ತೆ ಕೋರ್ಟಿನ ಬಾಗಿಲು ಬಡಿದ. ಜೊತೆಗಾರನಿಗೆ ವಿನಾಯಿತಿ ಸಿಕ್ಕಿದ್ದು ಆಗ ಬೆಳಕಿಗೆ ಬಂದು, ಅವನೂ ಉಳಿದ. ಮೂವರಲ್ಲಿ ಒಬ್ಬನ ಕತ್ತಿಗೆ ಮಾತ್ರ ಹಗ್ಗ ಬಿತ್ತು. ಅವನ ಅಪರಾಧ ಉಳಿದಿಬ್ಬರಿಗಿಂತ ಹೆಚ್ಚೆಂದು ಯಾರೂ ಹೇಳಿರಲಿಲ್ಲ.

ಅದು ಹಳೆಯ ಕತೆ ಎನ್ನುವಂತಿಲ್ಲ. 2025ರ ಜನವರಿ 20ರಂದು ಎರಡು ತೀರ್ಪು ಬಂದವು. ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಅತ್ಯಾಚಾರ ಮತ್ತು ಕೊಲೆ ಮಾಡಿದವನಿಗೆ ಸಿಯಾಲ್ದಾ ನ್ಯಾಯಾಲಯ ಜೀವಾವಧಿ ವಿಧಿಸಿ, ಇದು ಅಪರೂಪದಲ್ಲಿ ಅಪರೂಪದ್ದಲ್ಲ ಎಂದಿತು. ಅದೇ ದಿನ ಕೇರಳದ ನೆಯ್ಯಾಟ್ಟಿಂಕರ ನ್ಯಾಯಾಲಯ ಪ್ರಿಯಕರನಿಗೆ ಕಷಾಯದಲ್ಲಿ ವಿಷ ಬೆರೆಸಿ ಕೊಟ್ಟ ಯುವತಿಗೆ ಗಲ್ಲು ವಿಧಿಸಿತು. ಎರಡೂ ಕ್ರೂರ ಕೃತ್ಯಗಳೇ. ಆದರೆ ಯಾವುದು ಅಪರೂಪ, ಯಾವುದು ಅಲ್ಲ ಎಂದು ಅಳೆಯುವ ಕೋಲು ಊರಿಂದೂರಿಗೆ ಉದ್ದ ಗಿಡ್ಡ ಆಗುತ್ತಿದ್ದರೆ, ಅದರಿಂದ ಜೀವವನ್ನು ಅಳೆಯುವುದು ಹೇಗೆ?

ಇದಕ್ಕಿಂತ ಭಯಾನಕ ತಪ್ಪು ಮಹಾರಾಷ್ಟ್ರದಲ್ಲಿ ಆಯಿತು. ಅಲೆಮಾರಿ ಸಮುದಾಯದ ಆರು ಮಂದಿಗೆ ಕೊಲೆ ಮತ್ತು ಅತ್ಯಾಚಾರದ ಪ್ರಕರಣದಲ್ಲಿ ಕೆಳ ನ್ಯಾಯಾಲಯ ಗಲ್ಲು ವಿಧಿಸಿತ್ತು. ಹೈಕೋರ್ಟ್ ಮೂವರ ಶಿಕ್ಷೆಯನ್ನು ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಮಂದಿಗೆ ಗಲ್ಲೇ ಸರಿ ಎಂದಿತು. 2019ರ ಮಾರ್ಚ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಂಡು, ಆರು ಮಂದಿಯೂ ನಿರ್ದೋಷಿಗಳು ಎಂದು ಖುಲಾಸೆ ಮಾಡಿತು. ಅಷ್ಟರಲ್ಲಿ ಅವರು ಜೈಲಿನಲ್ಲಿ 16 ವರ್ಷ ಕಳೆದಿದ್ದರು. ಅವರಲ್ಲೊಬ್ಬ ಅಪರಾಧ ನಡೆದಾಗ ಬಾಲಕನಾಗಿದ್ದ. ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿದರು. ನಡುವಿನ ಹತ್ತು ವರ್ಷದಲ್ಲಿ ಯಾವುದೋ ಒಂದು ನಸುಕಿನಲ್ಲಿ ಗಲ್ಲು ಜಾರಿಯಾಗಿದ್ದರೆ, ಆ 5 ಲಕ್ಷವನ್ನು ಯಾರ ಕೈಗೆ ಕೊಡುತ್ತಿದ್ದರು?

ಗಲ್ಲಿನ ಸಾಲಿನಲ್ಲಿ ನಿಲ್ಲುವವರು ಯಾರು ಎಂಬುದನ್ನೂ ನೋಡಬೇಕು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ತಂಡ ದೇಶದ ಜೈಲುಗಳನ್ನು ಸುತ್ತಿ 2016ರಲ್ಲಿ ಹೊರತಂದ ವರದಿಯ ಪ್ರಕಾರ, ಗಲ್ಲು ಶಿಕ್ಷೆಗೆ ಗುರಿಯಾದವರಲ್ಲಿ ನೂರಕ್ಕೆ 74 ಮಂದಿ ಆರ್ಥಿಕವಾಗಿ ದುರ್ಬಲರು. ಒಳ್ಳೆಯ ವಕೀಲರನ್ನು ಹಿಡಿಯುವ ಶಕ್ತಿ ಇದ್ದವರು ಆ ಸಾಲಿನಲ್ಲಿ ಕಾಣುವುದೇ ಅಪರೂಪ. ಕಾಸಿದ್ದವನಿಗೆ ಒಂದು ದಾರಿ, ಇಲ್ಲದವನಿಗೆ ಒಂದು ದಾರಿ ಎಂಬ ನಮ್ಮ ಜನರ ಹಳೆಯ ಅನುಮಾನಕ್ಕೆ ಅಲ್ಲಿ ಅಂಕಿಯ ಸಾಕ್ಷ್ಯ ಸಿಕ್ಕಿತು.

ಹಗ್ಗದ ಹತ್ತಿರ

ನಿರ್ಭಯಾ ಪ್ರಕರಣದ ನಾಲ್ವರನ್ನು 2020ರ ಮಾರ್ಚ್ 20ರಂದು ಬೆಳಗಿನ ಜಾವ ಐದೂವರೆಗೆ ತಿಹಾರ್‌ನಲ್ಲಿ ಗಲ್ಲಿಗೇರಿಸಿದರು. ಹಗ್ಗ ಬಂದದ್ದು ಬಿಹಾರದ ಬಕ್ಸರ್ ಜೈಲಿನಿಂದ. ನೇಣಿನ ಹಗ್ಗ ಹೊಸೆಯುವುದಕ್ಕೆ ಆ ಜೈಲು ಹೆಸರುವಾಸಿ. ನೇಣು ಹಾಕುವವನನ್ನು ಮೀರತ್‌ನಿಂದ ಕರೆಸಿದ್ದರು. ಗಲ್ಲಿಗೆ ಮೊದಲು ಕೈದಿಯ ತೂಕ ನೋಡುತ್ತಾರೆ. ಅವನ ತೂಕಕ್ಕಿಂತ ಭಾರದ ಮರಳಿನ ಮೂಟೆ ಇಳಿಬಿಟ್ಟು ಹಗ್ಗವನ್ನು ಪರೀಕ್ಷಿಸುತ್ತಾರೆ. ಎಷ್ಟು ಆಳಕ್ಕೆ ಬೀಳಬೇಕು ಎಂಬುದಕ್ಕೆ ಲೆಕ್ಕವಿದೆ: ಮೈ ಹಗುರವಿದ್ದಷ್ಟೂ ಆಳ ಹೆಚ್ಚು. ಕೊಲ್ಲುವ ಕ್ರಿಯೆಯಲ್ಲಿ ಇಷ್ಟೊಂದು ನಿಖರತೆ ಇರುವ ವ್ಯವಸ್ಥೆಗೆ, ಯಾರನ್ನು ಕೊಲ್ಲಬೇಕು ಎಂಬ ತೀರ್ಮಾನದಲ್ಲಿ ಅದರ ಕಾಲುಭಾಗದಷ್ಟು ನಿಖರತೆಯೂ ದಕ್ಕಿಲ್ಲ.

ಆ ಪ್ರಕರಣದಲ್ಲಿ ನೊಂದ ತಾಯಿಯ ದಾರಿಯನ್ನೂ ನೆನೆಯಿರಿ. ಕೆಳ ನ್ಯಾಯಾಲಯದ ತೀರ್ಪು ಒಂದು ವರ್ಷದೊಳಗೆ, 2013ರ ಸೆಪ್ಟೆಂಬರ್‌ನಲ್ಲೇ ಬಂತು. ಸುಪ್ರೀಂ ಕೋರ್ಟ್ ಅದನ್ನು ಖಚಿತಪಡಿಸಿದ್ದು 2017ರಲ್ಲಿ. ಆಮೇಲೆ ಪುನರ್‌ಪರಿಶೀಲನೆ, ಕ್ಷಮಾದಾನ. 2020ರಲ್ಲಿ ಗಲ್ಲಿಗೆ ಮೂರು ಸಲ ದಿನ ಗೊತ್ತಾಗಿ ಮೂರು ಸಲವೂ ಮುಂದಕ್ಕೆ ಹೋಯಿತು. ಪ್ರತಿ ಸಲವೂ ಆಕೆ ಕೋರ್ಟಿನ ಮೆಟ್ಟಿಲ ಮೇಲೆ ಕ್ಯಾಮೆರಾಗಳ ಮುಂದೆ ನಿಂತರು. ಇಡೀ ದೇಶ ಕಣ್ಣಿಟ್ಟು ಕಾದ ಪ್ರಕರಣದ ಗತಿಯೇ ಹೀಗಿರುವಾಗ, ಯಾರ ಕಣ್ಣಿಗೂ ಬೀಳದ ಹಳ್ಳಿಯ ತಾಯಿಯ ಪಾಡೇನು? ಗಲ್ಲಿನ ಭರವಸೆ ನೊಂದವರಿಗೆ ಸಮಾಧಾನ ಕೊಡುತ್ತದೆ ಎನ್ನುತ್ತೇವೆ. ಆ ಭರವಸೆ ಅವರನ್ನು ವರ್ಷಗಟ್ಟಲೆ ಅದೇ ರಾತ್ರಿಯಲ್ಲಿ ಕೂಡಿಹಾಕುತ್ತದೆ.

ಅಂಕಿಗಳೂ ಇದನ್ನೇ ಹೇಳುತ್ತವೆ. 2024ರ ಕೊನೆಗೆ ದೇಶದಲ್ಲಿ ಗಲ್ಲಿನ ನೆರಳಿನಲ್ಲಿದ್ದವರು 564 ಮಂದಿ. ಆದರೆ 2000ದಿಂದ ಈಚೆಗೆ ಗಲ್ಲಿಗೇರಿದವರು ಎಂಟು ಜನ. 2000ದಿಂದ 2015ರವರೆಗೆ ಕೆಳ ನ್ಯಾಯಾಲಯಗಳು ಕೊಟ್ಟ ಗಲ್ಲು ಶಿಕ್ಷೆಗಳಲ್ಲಿ ಕೊನೆಯವರೆಗೆ ನಿಂತದ್ದು ನೂರಕ್ಕೆ ಸುಮಾರು ಐದು ಮಾತ್ರ. ಹೆದರಿಕೆ ಹುಟ್ಟಿಸಬೇಕಾದ ಶಿಕ್ಷೆಯೇ ಬರುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ, ಕೊಲೆಗಾರ ಯಾವುದಕ್ಕೆ ಹೆದರಬೇಕು? 2015ರಲ್ಲಿ ನ್ಯಾಯಮೂರ್ತಿ ಎ.ಪಿ. ಶಾ ನೇತೃತ್ವದ ಕಾನೂನು ಆಯೋಗ ತನ್ನ 262ನೇ ವರದಿಯಲ್ಲಿ, ಜೀವಾವಧಿಗಿಂತ ಗಲ್ಲು ಹೆಚ್ಚು ಭಯ ಹುಟ್ಟಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ಹೇಳಿ, ಭಯೋತ್ಪಾದನೆ ಮತ್ತು ದೇಶದ ಮೇಲಿನ ಯುದ್ಧದಂಥ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಮರಣದಂಡನೆ ರದ್ದಾಗಲಿ ಎಂದು ಶಿಫಾರಸು ಮಾಡಿತು. 48 ವರ್ಷದ ಹಿಂದಿನ ತನ್ನದೇ ನಿಲುವಿನಿಂದ ಆಯೋಗ ಇಷ್ಟು ದೂರ ಬಂದಿತ್ತು. ಅದಕ್ಕೂ ಬಹಳ ಮೊದಲು, 1949ರಲ್ಲಿ, ಸಂವಿಧಾನ ರಚನಾ ಸಭೆಯಲ್ಲಿ ಡಾ. ಅಂಬೇಡ್ಕರ್ ಮರಣದಂಡನೆಯನ್ನೇ ತೆಗೆದುಹಾಕುವುದು ಮೇಲು ಎಂಬ ಅಭಿಪ್ರಾಯ ಹೇಳಿದ್ದರು.

ಮಕ್ಕಳ ಮೇಲಿನ ಅತ್ಯಾಚಾರಕ್ಕೆ ಗಲ್ಲು ಎಂಬ ಕಾನೂನು 2018ರಿಂದ ಇದೆ. ಅದರ ಹಿಂದಿನ ಸಂಕಟ ನನ್ನದೂ ಹೌದು. ಆದರೆ ಇಂಥ ಕೃತ್ಯ ಎಸಗುವವರಲ್ಲಿ ಬಹುಪಾಲು ಮಗುವಿಗೆ ಗೊತ್ತಿರುವವರೇ: ನೆಂಟ, ನೆರೆಯವ, ಪಾಠ ಹೇಳುವವ. ಬಾಯಿಬಿಟ್ಟರೆ ಮಾಮನನ್ನು ನೇಣಿಗೆ ಹಾಕುತ್ತಾರೆ ಎಂದು ಮನೆಯವರೇ ಮಗುವಿನ ಬಾಯಿ ಮುಚ್ಚಿಸುವ ಅಪಾಯವಿದೆ. ಹೇಗೂ ಗಲ್ಲೇ ಎಂದಾದರೆ, ಇರುವ ಒಬ್ಬಳೇ ಸಾಕ್ಷಿಯನ್ನು ಮುಗಿಸಿಬಿಡುವ ಯೋಚನೆ ಪಾಪಿಗೆ ಬರಬಹುದು.

ಬೆಂಗಳೂರು ತೋರಿದ ದಾರಿ

ಹಾಗಾದರೆ ಘೋರ ಅಪರಾಧಿಯನ್ನು ಹದಿನಾಲ್ಕು ವರ್ಷಕ್ಕೆ ಬಿಟ್ಟುಬಿಡುವುದೇ? ಬೇಕಿಲ್ಲ. ಮೂರನೆಯ ದಾರಿಯೊಂದು ನಮ್ಮ ಬೆಂಗಳೂರಿನ ಪ್ರಕರಣದಿಂದಲೇ ತೆರೆದುಕೊಂಡಿದೆ. 1991ರಲ್ಲಿ ರಿಚ್ಮಂಡ್ ರಸ್ತೆಯ ಮನೆಯಿಂದ ಮಹಿಳೆಯೊಬ್ಬರು ಕಾಣೆಯಾದರು. ಮಗಳು ಪಟ್ಟುಬಿಡದೆ ಹುಡುಕಿಸಿದಳು. 1994ರಲ್ಲಿ ಅದೇ ಮನೆಯ ಅಂಗಳದ ನೆಲ ಅಗೆದಾಗ ಪೆಟ್ಟಿಗೆಯಲ್ಲಿ ಆಕೆಯ ಅಸ್ಥಿಪಂಜರ ಸಿಕ್ಕಿತು. ಕೊಂದವನು ಗಂಡ, ಸ್ವಾಮಿ ಶ್ರದ್ಧಾನಂದ ಎಂದು ಹೆಸರಿಟ್ಟುಕೊಂಡಿದ್ದವನು. ಕೆಳ ನ್ಯಾಯಾಲಯ ಮತ್ತು ಹೈಕೋರ್ಟ್ ಗಲ್ಲು ಎಂದವು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು, ಇನ್ನೊಬ್ಬರು ಜೀವಾವಧಿ ಎಂದರು. 2008ರಲ್ಲಿ ಮೂವರ ಪೀಠ ಹೊಸ ತೀರ್ಮಾನಕ್ಕೆ ಬಂತು: ಗಲ್ಲು ಬೇಡ, ಆದರೆ ಕೊನೆಯುಸಿರಿನ ತನಕ ಬಿಡುಗಡೆಯೂ ಇಲ್ಲ. 2015ರಲ್ಲಿ ಸಂವಿಧಾನ ಪೀಠ ಈ ಬಗೆಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಹಿಂಡಲಗಾದಲ್ಲಿ ಸುಮಾರು ಹತ್ತು ವರ್ಷ ಒಂಟಿ ಸೆಲ್ಲಿನಲ್ಲಿದ್ದ, ಅತ್ಯಾಚಾರ ಮತ್ತು ಕೊಲೆಯ ಅಪರಾಧಿ ಉಮೇಶ ರೆಡ್ಡಿಯ ಗಲ್ಲನ್ನು 2022ರಲ್ಲಿ ಇಳಿಸಿದಾಗಲೂ, ಕನಿಷ್ಠ 30 ವರ್ಷ ಹೊರಗೆ ಬಿಡುವಂತಿಲ್ಲ ಎಂದು ಕೋರ್ಟ್ ಹೇಳಿತು.

ಜನರ ಅಪನಂಬಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣುತ್ತಿಲ್ಲ. ಈ ಶಿಕ್ಷೆಯಲ್ಲಿ ಸಮಾಜಕ್ಕೆ ರಕ್ಷಣೆಯಿದೆ, ಅಪರಾಧಿಗೆ ಕಠಿಣತೆಯಿದೆ, ತಪ್ಪಾಗಿದ್ದರೆ ತಿದ್ದಿಕೊಳ್ಳಲು ಜೀವ ಉಳಿದಿರುತ್ತದೆ. ಗಲ್ಲಿಗಾಗಿ ಕೂಗುವ ನಮ್ಮ ಶಕ್ತಿಯನ್ನು ಬೇಗ ಮುಗಿಯುವ ವಿಚಾರಣೆಗೆ, ಸರಿಯಾದ ತನಿಖೆಗೆ, ಸಾಕ್ಷಿಗಳ ರಕ್ಷಣೆಗೆ, ನೊಂದವರಿಗೆ ಕೈಗೆಟಕುವ ಪರಿಹಾರಕ್ಕೆ ತಿರುಗಿಸಿದರೆ ಸತ್ತವರಿಗೆ ಹೆಚ್ಚಿನ ನ್ಯಾಯ ಸಿಗುತ್ತದೆ.

ಪಾಲಾರ್‌ಗೇ ಮರಳೋಣ. 2001ರಲ್ಲಿ ಮೈಸೂರಿನ ನ್ಯಾಯಾಲಯ ಕೊಟ್ಟ ಜೀವಾವಧಿಗೇ ನಾವು 2014ರಲ್ಲಿ ಬಂದು ನಿಂತೆವು. ನಡುವಿನ ಹದಿಮೂರು ವರ್ಷದಲ್ಲಿ ಹತ್ತು ವರ್ಷ ನೇಣಿನ ಹಗ್ಗದ ಒಂದು ತುದಿಯಲ್ಲಿ ನಾಲ್ವರು ಕೈದಿಗಳಿದ್ದರು, ಇನ್ನೊಂದು ತುದಿಯಲ್ಲಿ ಸತ್ತ 22 ಮಂದಿಯ ಮನೆಗಳಿದ್ದವು. ಪ್ರತಿ ತೀರ್ಪಿಗೂ ಎರಡೂ ಕಡೆಯವರು ಎದೆ ಹಿಡಿದುಕೊಂಡು ಪತ್ರಿಕೆ ತೆರೆದಿರಬೇಕು. ಮೈಸೂರಿನ ಆ ಮೊದಲ ತೀರ್ಪನ್ನೇ ಗಟ್ಟಿಯಾಗಿ ನಿಲ್ಲಿಸಿದ್ದರೆ, ಆ ಮನೆಗಳವರು ಹದಿಮೂರು ವರ್ಷ ಮೊದಲೇ ಹಗ್ಗವನ್ನು ಕೈಬಿಟ್ಟು ತಮ್ಮವರನ್ನು ನೆನೆದು ಅಳಬಹುದಿತ್ತು.